ಎಳ್ಳು ಸಿಡಿಯುವ ಸದ್ದು

ಕುವಾಬಾರಾ ಇವಾವೊನ ಗ್ಯಾರೇಜಿನಲ್ಲಿ ಕಾರು ಬಿಟ್ಟು ಸಂಜೆ ಬರುತ್ತೇನೆ ಎಂದವರು ಕಾರಿನೊಂದಿಗೇ ಹಿಂದಿರುಗಬೇಕಾಗುತ್ತಿತ್ತು. ನೆಲದೊಳಗೆ ಕೂರಿಸಿದ ರೋಲರುಗಳ ಮೇಲೆ ಕಾರನ್ನು ಬಿಗಿದು, ನಿಂತಲ್ಲೇ ಓಡಿಸುತ್ತ ಅವನು ಎಂಜಿನ್ನನ್ನು ಹದಕ್ಕೆ ತರುವಷ್ಟು ಹೊತ್ತೂ ಒಡೆಯರು ಪಕ್ಕದ ಸೀಟಿನಲ್ಲಿ ಇರಲೇಬೇಕು. "ಮೈಯಳತೆ ಕೊಡದೆ ಅಂಗಿ ಹೊಲಿಸ್ಕೋತೀರಾ?" ಎಂದು ಕೇಳುತ್ತಿದ್ದ. ಗಾಳಿ ಈ ಕಡೆ ಬೀಸಿದರೆ ರೇಸಿನ ಸದ್ದು ಅಡುಗೆಮನೆಯವರೆಗೂ ಬರುವ ಸುಜುಕಾ ಊರಿನಲ್ಲಿ ಇಂಥ ಹಠ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಅವನ ಬಳಿಗೆ ಬರುತ್ತಿದ್ದವು ಹೆಚ್ಚಾಗಿ ಎರಡು ಉಸಿರಿನ ಎಂಜಿನ್ನುಗಳು. ನಿಧಾನವಾಗಿ ತಿರುಗುವಾಗ ಅವುಗಳ ವಾಲ್ವುಗಳು ಸ್ವಲ್ಪವೇ ತೆರೆದು ಮುಚ್ಚುತ್ತವೆ. ವೇಗ ಏರಿದಾಗ ಒಳಗೊಂದು ಕೀಲು ಕೂಡಿಕೊಂಡು, ಅದೇ ವಾಲ್ವುಗಳು ಇನ್ನೂ ಎತ್ತರಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆಯುತ್ತವೆ. ಸಣ್ಣ ಉಸಿರಿನಿಂದ ದೊಡ್ಡ ಉಸಿರಿಗೆ ದಾಟುವ ಆ ಕ್ಷಣಕ್ಕೆ ಸರಿಯಾಗಿ ಪೆಟ್ರೋಲಿನ ಅಳತೆಯೂ ಕಿಡಿ ಹಾರುವ ಗಳಿಗೆಯೂ ಬದಲಾಗಬೇಕು. ಹುಡುಗರಿಗೆ ಅಲ್ಲಿ ಬೆನ್ನಿಗೆ ಒದ್ದ ಹಾಗಾದರೆ ಖುಷಿ. ಅದಕ್ಕೆಂದೇ ಕೆಲವರು ದಾಟುವುದನ್ನು ಬೇಕಂತಲೇ ತಡಮಾಡಿ ಕೊಡುತ್ತಿದ್ದರು. ಇವಾವೊ ಮಾತ್ರ ಒಪ್ಪುತ್ತಿರಲಿಲ್ಲ. "ಒದೆ ಬಿತ್ತು ಅಂದ್ರೆ ಅದಕ್ಕೆ ಮುಂಚೆ ಬಲದಲ್ಲಿ ಹಳ್ಳ ಇತ್ತು ಅಂತ ಕಣಯ್ಯ. ಹಳ್ಳ ತೋಡಿ ಕೊಡೋದಕ್ಕೆ ನಾನ್ಯಾಕೆ ಬೇಕು?"

ಹಳ್ಳವನ್ನು ಮುಚ್ಚುವ ಕೆಲಸಕ್ಕೆ ಅವನ ಬಳಿ ಇದ್ದದ್ದು ಕಿವಿ. ಕಿಡಿ ತುಸು ಮುಂಚೆ ಹಾರಿದರೆ ಬಲ ಹೆಚ್ಚು. ಅದಕ್ಕಿಂತ ಕೂದಲೆಳೆಯಷ್ಟು ಮುಂಚೆಯಾದರೆ ಒಳಗಿನ ಬೆಂಕಿ ತಾಳ ತಪ್ಪಿ ಸಿಡಿದು ಪಿಸ್ಟನ್ನನ್ನು ತಿನ್ನತೊಡಗುತ್ತದೆ. ಆ ಸಿಡಿತದ ಸದ್ದು ಸಣ್ಣದು, ತೆಳ್ಳನೆಯದು. ಎಂಜಿನ್ನಿನ ಮೈಗೆ ತಾಮ್ರದ ಕೊಳವೆಯೊಂದನ್ನು ಬಿಗಿದು, ಅದರಿಂದ ರಬ್ಬರ್ ನಳಿಕೆ ಎಳೆದು, ಡಾಕ್ಟರ ಹಾಗೆ ಕಿವಿಗೆ ಸಿಕ್ಕಿಸಿಕೊಂಡು ಅವನು ಅದನ್ನು ಹಿಡಿಯುತ್ತಿದ್ದ. ಇದಕ್ಕೆಂದೇ ಕೊಂಡ ಯಂತ್ರವೊಂದು ಇತ್ತು. ಆದರೆ ಉಸಿರು ಬದಲಾಗುವಾಗ ವಾಲ್ವುಗಳೇ ಗಲಗಲ ಎನ್ನುವುದರಿಂದ, ಸಿಡಿತ ಇರಲಿ ಬಿಡಲಿ, ಅಲ್ಲಿ ಅದರ ಕೆಂಪು ದೀಪ ಹತ್ತಿಯೇ ಹತ್ತುತ್ತಿತ್ತು. ಅದರ ಮೇಲೆ ಈಗ ಟೀ ಲೋಟಗಳನ್ನು ಬೋರಲು ಹಾಕಿದ್ದ.

ಆ ಶರತ್ಕಾಲದ ಮೊದಲ ದಿನಗಳಲ್ಲಿ ಒಂದು ಸಂಜೆ ಹೆಂಡತಿ ಫುಸಾ ಹಿತ್ತಿಲ ಬಾಗಿಲಲ್ಲಿ ನಿಂತು, "ನೋಡ್ರೀ, ಗಂಟೆಹುಳ ಈ ಸಲ ಬೇಗ ಶುರು ಹಚ್ಕೊಂಡಿವೆ. ಎಷ್ಟು ಚೆನ್ನಾಗಿ ಕೂಗ್ತಿವೆ ಅಲ್ವಾ?" ಎಂದಳು.

"ಹೂಂ, ಚೆನ್ನಾಗಿವೆ" ಎಂದ ಇವಾವೊ. ಅವನಿಗೆ ಏನೂ ಕೇಳಿಸಿರಲಿಲ್ಲ. ಜೀರುಂಡೆ ಜಾತಿಯ ಆ ಹುಳಗಳ ದನಿ ತೆಳ್ಳನೆಯದು, ಎತ್ತರದ್ದು, ಪಿಸ್ಟನ್ ತಿನ್ನುವ ಸಿಡಿತಕ್ಕೆ ಹತ್ತಿರದ್ದು. ಆಮೇಲೆ ಪ್ರತಿ ಸಂಜೆಯೂ ಅವನು ಹೂಂಗುಟ್ಟಿದ. ಕಿವಿ ಹೋಯಿತೆಂದರೆ ಕಸುಬು ಹೋಯಿತು. ಆ ಮಾತನ್ನು ಬಾಯಿಬಿಟ್ಟು ಹೇಳುವುದೆಂದರೆ ಗ್ಯಾರೇಜಿನ ಶಟರ್ ತಾನೇ ಎಳೆದಂತೆ.

ಸೊಮೆಯಾ ಚಿಗುಸಾ ತನ್ನ ಬಿಳಿ ಹೋಂಡಾ ತಂದದ್ದು ಅಂಥ ದಿನಗಳಲ್ಲಿ. ನಲವತ್ತು ದಾಟಿದ ಹೆಂಗಸು. ತಂದೆಯಿಂದ ಬಂದ ಎಳ್ಳು ಹುರಿಯುವ ಅಂಗಡಿ ನಡೆಸುತ್ತಿದ್ದಳು. ರಜಾ ದಿನ ಬಂದರೆ ಖಾಲಿ ಮೈದಾನದಲ್ಲಿ ಕಂಬಗಳ ನಡುವೆ ಕಾರು ತಿರುಗಿಸುವ ಪಂದ್ಯಗಳಿಗೆ ಹೋಗುತ್ತಿದ್ದಳು. ಕಾರಿನೊಳಗೆಲ್ಲ ಹುರಿದೆಳ್ಳಿನ ವಾಸನೆ.

"ಯಜಮಾನ್ರೇ, ತಿರುವಿನ ಮಧ್ಯೆ ಬರುತ್ತೆ ಈ ಒದೆ. ಚಕ್ರ ಜಾರಿ ಕಂಬಕ್ಕೆ ಮುತ್ತಿಡ್ತೀನಿ. ಜನ ಚಪ್ಪಾಳೆ ತಟ್ತಾರೆ, ಬಹುಮಾನ ಬೇರೆಯವ್ರು ಒಯ್ತಾರೆ."

"ಚಪ್ಪಾಳೆ ಬೇಕೋ, ಬಹುಮಾನ ಬೇಕೋ?"

"ಚಪ್ಪಾಳೆ ಸಾಕಾಗಿದೆ. ಈ ಎಂಜಿನ್ ಕೆಟ್ರೆ ಇನ್ನೊಂದು ಹಾಕ್ಸೋ ಶಕ್ತಿ ನನಗಿಲ್ಲ, ಅದೊಂದು ನೋಡ್ಕೊಳ್ಳಿ."

ಇವಾವೊ ನಳಿಕೆಯನ್ನು ಕಿವಿಗೆ ಏರಿಸಿದ.

ಮಧ್ಯಾಹ್ನವೆಲ್ಲ ಕೆಲಸ ಸುಗಮವಾಗಿ ನಡೆಯಿತು. ಎರಡು ಉಸಿರುಗಳ ಬಲ ಸರಿಸಮವಾಗುವ ಜಾಗವನ್ನು ಹುಡುಕಿ, ದಾಟುವ ಗಳಿಗೆಯನ್ನು ಅಲ್ಲಿಗೆ ತಂದ. ಪೆಟ್ರೋಲ್ ಕಡಿಮೆ ಬೀಳುತ್ತಿದ್ದ ಕಡೆ ತುಸು ಸೇರಿಸಿದ. ಉಳಿದದ್ದು ಕಿಡಿ. ಮಡಿಲಲ್ಲಿದ್ದ ಕಂಪ್ಯೂಟರಿನಲ್ಲಿ ಒಂದು ಅಂಕಿ ಏರಿಸಿ ಪೆಡಲ್ ಒತ್ತಿದ. ಎಂಜಿನ್ ಏರಿತು, ದನಿ ಬದಲಾಯಿತು, ಗರ್ಜಿಸಿತು. ಸಿಡಿತ ಕೇಳಲಿಲ್ಲ. ಇನ್ನೊಂದು ಅಂಕಿ ಏರಿಸಿದ. ಆಗಲೂ ಕೇಳಲಿಲ್ಲ. ಇಷ್ಟು ವರ್ಷ ಅವನ ಕಸುಬಿನಲ್ಲಿ ಮೌನವೆಂದರೆ ಅಪ್ಪಣೆ. ಇನ್ನೂ ಒಂದು ಏರಿಸಿದ.

"ಯಜಮಾನ್ರೇ, ಎಳ್ಳು!" ಚಿಗುಸಾ ಅವನ ತೋಳು ಹಿಡಿದಳು.

ಅವನ ಕಾಲು ತಾನಾಗಿ ಮೇಲೆದ್ದಿತು. ರೋಲರುಗಳು ನಿಧಾನವಾಗಿ ನಿಂತವು.

"ಏನಂದ್ರಿ?"

"ಎಳ್ಳು ಸಿಡೀತಲ್ಲ. ದನಿ ದಪ್ಪಗಾಯ್ತು ನೋಡಿ, ಅದರ ಹಿಂದೇನೇ. ಬಾಣಲೇಲಿ ಮೊದಲ ಕಾಳು ಸಿಡಿಯೋ ಹಾಗೆ ಚಿಟ್, ಚಿಟ್ ಅಂತ. ನಮ್ಮಲ್ಲಾದ್ರೆ ಆಗಲೇ ಬೆಂಕಿಯಿಂದ ಇಳಿಸ್ಬೇಕು, ಇಲ್ದಿದ್ರೆ ಕಹಿ. ನಿಮಗೆ ನಳಿಕೆ ಬೇರೆ ಇದೆ, ಇನ್ನೂ ಜೋರಾಗಿ ಕೇಳಿರ್ಬೇಕಲ್ವಾ?"

ಹೂಂ ಎನ್ನಬಹುದಿತ್ತು. ಅಂಕಿಯನ್ನು ಸದ್ದಿಲ್ಲದೆ ಇಳಿಸಿ, ಕೇಳಿತೆಂದು ತಲೆಯಾಡಿಸಿದ್ದರೆ ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಎಷ್ಟು ಇಳಿಸಬೇಕೆಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಇವಾವೊ ನಳಿಕೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ರಬ್ಬರು ಇನ್ನೂ ಬೆಚ್ಚಗಿತ್ತು.

"ನನಗೆ ಕೇಳಿಸ್ಲಿಲ್ಲ, ಸೊಮೆಯಾ ಅವ್ರೇ. ಗಂಟೆಹುಳಾನೂ ಕೇಳಿಸ್ತಿಲ್ಲ. ಹೆಂಡ್ತಿಗೂ ಹೇಳಿಲ್ಲ. ಇನ್ನು ಮುಂದೆ ಈ ಕೆಲಸ ನನ್ನ ಕೈಲಿ ಆಗಲ್ಲ. ಕಾರು ಬೇರೆ ಕಡೆ ಒಯ್ಯಿರಿ, ಒಳ್ಳೆಯವರ ಹೆಸರು ಹೇಳ್ತೀನಿ."

ಚಿಗುಸಾ ಅವನ ಕಡೆ ತಿರುಗಿದಳು.

"ಬೇರೆ ಕಡೆ ನನ್ನನ್ನ ಪಕ್ಕ ಕೂರಿಸ್ಕೋತಾರಾ?"

"ಇಲ್ಲ. ಹೊರಗೆ ಬೆಂಚ್ ಹಾಕಿರ್ತಾರೆ."

"ಮತ್ತೆ? ಪಕ್ಕದಲ್ಲಿ ಕೂರಿಸ್ಕೊಂಡಿರೋದು ಗೊಂಬೆ ಅಂತಾನಾ?" ಅವಳು ಕೈ ಚಾಚಿದಳು. "ಕೊಡಿ ಇಲ್ಲಿ ಆ ನಳಿಕೆ. ಮುಪ್ಪಾಗಿ ಕಿವಿ ಕೇಳಿಸದಾದ್ಮೇಲೂ ಅಂಗಡೀಲಿ ಬಾಣಲೆ ತಿರುಗಿಸ್ತಾ ಇದ್ದದ್ದು ಅಪ್ಪನೇ. ಕಿವಿ ನಂದು. ಯಾವ ಎಳ್ಳೂ ಸೀದಿಲ್ಲ."

ಇವಾವೊ ಅವಳ ಮುಖ ನೋಡಿದ. ಆಮೇಲೆ ನಳಿಕೆಯ ತುದಿಗಳನ್ನು ಅಂಗಿಯ ಅಂಚಿನಲ್ಲಿ ಒರೆಸಿ ಕೊಟ್ಟ.

"ಕೇಳಿದ ತಕ್ಷಣ ಬೆರಳೆತ್ತಿ. ಅನುಮಾನ ಬಂದ್ರೂ ಎತ್ತಿ. ನನ್ನ ಮರ್ಯಾದೆ ನೋಡ್ಬೇಡಿ."

"ಎಳ್ಳಿಗೆ ಎಂಥ ಮರ್ಯಾದೆ?"

ಅವನು ಅಂಕಿಗಳನ್ನು ಮೊದಲಿದ್ದಲ್ಲಿಗೆ ಇಳಿಸಿ ಹೊಸದಾಗಿ ಏರಿಸತೊಡಗಿದ. ಕಣ್ಣು ವೇಗ ತೋರಿಸುವ ಮುಳ್ಳಿನ ಮೇಲೆ, ಕಣ್ಣಂಚು ಅವಳ ಬೆರಳಿನ ಮೇಲೆ. ಬೆರಳು ಎದ್ದಾಗ ಒಂದು ಹೆಜ್ಜೆ ಹಿಂದೆ ಬಂದ. ಇನ್ನೊಂದು ಓಟ ಓಡಿಸಿ, ದೊಡ್ಡ ಉಸಿರಿನ ಆರಂಭದಲ್ಲೇ ಮತ್ತೊಮ್ಮೆ ಎದ್ದಾಗ ಅಲ್ಲಿಯೂ ತಗ್ಗಿಸಿ, ಪೆಟ್ರೋಲ್ ಒಂದು ಚೂರು ಹೆಚ್ಚಿಸಿದ. ಮಕ್ಕಳು ಮನೆಗೆ ಹೋಗಲಿ ಎಂದು ಊರಿನ ಧ್ವನಿವರ್ಧಕಗಳು ಸಂಜೆಯ ರಾಗ ನುಡಿಸುವಷ್ಟರಲ್ಲಿ ಅವಳ ಬೆರಳು ಎಷ್ಟು ಓಡಿಸಿದರೂ ಮಡಿಲಿನಿಂದ ಏಳದಾಯಿತು.

ಕೊನೆಯ ಓಟಕ್ಕೆ ಚಿಗುಸಾಳನ್ನೇ ಚಾಲಕನ ಸೀಟಿಗೆ ಕಳಿಸಿದ. ಅವಳು ಪೆಡಲ್ ಪೂರ್ತಿ ಒತ್ತಿದಳು. ಮುಳ್ಳು ಎಲ್ಲೂ ತಡವರಿಸದೆ ಏರಿ ತುದಿ ಮುಟ್ಟಿತು.

"ಯಾವಾಗ ಬದಲಾಯ್ತು? ಒದೆ ಎಲ್ಲಿ?"

"ಹಳ್ಳ ಎಲ್ಲಿ?" ಎಂದ ಇವಾವೊ.

ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕಳು.

ಆಮೇಲೂ ಆ ಗ್ಯಾರೇಜಿನ ಶಟರ್ ದಿನಾ ಮೇಲೇರುತ್ತಲೇ ಇತ್ತು. ಕಾರು ತಂದವರನ್ನು ಇವಾವೊ ಮೊದಲು ಒಲೆಯ ಮುಂದೆ ಕೂರಿಸಿ ಎಳ್ಳು ಹುರಿಸುತ್ತಿದ್ದ. ಮೊದಲ ಕಾಳು ಸಿಡಿದಾಗ ಬೆರಳೆತ್ತಲು ಕಲಿತವರಿಗೆ ಮಾತ್ರ ನಳಿಕೆ. ಕಲಿಯದ ಪಡ್ಡೆಗಳಿಗೆ ಸೀದ ಎಳ್ಳನ್ನೇ ಅನ್ನದ ಮೇಲೆ ಉದುರಿಸಿ ತಿನ್ನಿಸುತ್ತಿದ್ದ. ಕಿವಿ ಮಂದವಾದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಕೆಲವರು ಬರುವುದನ್ನು ಬಿಟ್ಟರು, ನಿಜ. ಬಂದವರು ತಮ್ಮ ಕಾರಿನ ದನಿ ಕಲಿತು ಹೋದರು.

ಅದೆಲ್ಲ ಮುಂದಿನ ಮಾತು. ಆ ಸಂಜೆ ಅವನು ಕೈ ತೊಳೆದು ಮನೆಯೊಳಕ್ಕೆ ಬಂದಾಗ ಫುಸಾ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು.

"ಇವತ್ತು ಬೇಲಿ ಕಡೆ ಬಂದ್ಬಿಟ್ಟಿವೆ ರೀ. ಕೇಳ್ತಿದೆಯಾ?"

ಇವಾವೊ ಅವಳ ಪಕ್ಕಕ್ಕೆ ಹೋಗಿ ನಿಂತ. ಕತ್ತಲಾಗುತ್ತಿದ್ದ ಹುಲ್ಲನ್ನು ನೋಡಿದ.

"ಇಲ್ಲ ಕಣೆ" ಎಂದ. "ಹೇಗೆ ಕೂಗ್ತಿವೆ, ಹೇಳು."