ಸಿಂಗಳೀಕದ ಕೆನ್ನೆಯಲ್ಲಿ ಉಳಿದ ಶೇಂಗಾ

ಶನಿವಾರ ಬೆಳಿಗ್ಗೆ ನಮ್ಮ ಆಳಂದದ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಏಳುತ್ತದೆ. ಹೆಂಡತಿ ಅದನ್ನು ಎರಡು ಪಾಲು ಮಾಡುತ್ತಾಳೆ, ಒಂದು ರೊಟ್ಟಿಗೆ ನೆಂಚಿಕೊಳ್ಳುವ ಖಾರದ ಹಿಂಡಿ ಕುಟ್ಟಲಿಕ್ಕೆ, ಇನ್ನೊಂದು ಹನುಮಪ್ಪನ ಗುಡಿಯ ಮಂಗಗಳಿಗೆ. ನಮ್ಮ ಮನೆತನದಲ್ಲಿ ಶನಿವಾರ ಮಂಗಕ್ಕೊಂದು ಹಿಡಿ ಹಾಕದೆ ಉಂಡವರಿಲ್ಲ. ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಶರಣಪ್ಪ ಮಾಮಾ ನೆನಪಾಗಿ ಮನಸ್ಸು ಕೆಡುತ್ತದೆ.

ಮಾಮಾ ಎಂದರೆ ನಮ್ಮವ್ವನ ತಮ್ಮ, ಭೀಮಾ ದಂಡೆಯ ಮಣ್ಣೂರಿನವನು. ಜಾಲಿ, ಬೇವು ಬಿಟ್ಟರೆ ಬೇರೆ ಗಿಡ ಕಾಣದ ಈ ಬಯಲಿನ ಮನುಷ್ಯನಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿತು. ಹಾಕಿದ್ದು ಘಟ್ಟದ ದಟ್ಟ ಕಾಡಿಗೆ. ಮೊದಲ ವರ್ಷ ಬಿಸಿಲಿಲ್ಲವೆಂದು ಗೊಣಗಿದವನು ಆಮೇಲೆ ಸಿಂಗಳೀಕಗಳಿಗೆ ಮನಸೋತು ಅಲ್ಲಿಯೇ ಉಳಿದ.

ನಾನು ಬಿ.ಎಸ್ಸಿ. ಮುಗಿಸಿ ಅವನಲ್ಲಿಗೆ ಹೋಗಿದ್ದೆ, ಅವ್ವ ಕಟ್ಟಿಕೊಟ್ಟ ಶೇಂಗಾದ ಚೀಲ ಹೊತ್ತು. ಪ್ರಾಣಿಶಾಸ್ತ್ರ ಓದಿದ್ದೆನಾದರೂ ಹೊಟ್ಟೆ ಸೀಳಿದ ಕಪ್ಪೆಯ ಹೊರತು ಬೇರೆ ಪ್ರಾಣಿಯ ಸಲಿಗೆ ನನಗಿರಲಿಲ್ಲ. ಮಾಮಾ ತಲೆ ಎತ್ತಿ ತೋರಿಸಿದ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಜೂಲು, ಬಾಲದ ತುದಿಗೊಂದು ಕುಚ್ಚು. ಮರಿಯನ್ನು ಎದೆಗವುಚಿಕೊಂಡ ಒಂದು ಹೆಣ್ಣು ತೊಗಟೆ ಕಿತ್ತು ಹುಳ ಹುಡುಕುತ್ತಿತ್ತು.

"ಇವು ನೆಲಕ್ಕ ಇಳಿಯೂದೇ ಅಪರೂಪ. ಎಲಿ ಮ್ಯಾಗಿನ ನೀರು ನೆಕ್ಕಿ ದಾಹ ತೀರಿಸಿಕೋತಾವ. ಒಂದು ಹಡದ್ರ ಮತ್ತೊಂದು ಹಡ್ಯಾಕ ವರ್ಷಗಟ್ಲೆ ಬೇಕು" ಎಂದ. ಸಿಕ್ಕ ಹಣ್ಣನ್ನು ಕೆನ್ನೆಯೊಳಗಿನ ಚೀಲದಲ್ಲಿ ತುಂಬಿಕೊಂಡು, ಪುರುಸೊತ್ತಾದಾಗ ಜಗಿಯುತ್ತವೆಂದೂ ಹೇಳಿದ. ಕಡೆಗೆ ನನ್ನ ಕೈಚೀಲ ನೋಡಿ, "ಏನೂ ಹಾಕಬ್ಯಾಡಪಾ ಅವಕ್ಕ" ಎಂದ.

ಮರುದಿನ ಶನಿವಾರ. ಮಾಮಾ ಕಾಡು ಸುತ್ತಲು ಹೋಗಿದ್ದ. ಗುಡಿಯಿಲ್ಲದ ಊರು, ಮಂಗಗಳಂತೂ ತಲೆಯ ಮೇಲೇ ಇದ್ದವು. ಹನುಮಪ್ಪನ ಕುಲಕ್ಕೆ ಒಂದು ಹಿಡಿ ಹಾಕಿದರೆ ಕಾಡೇನು ಮುಳುಗುತ್ತದೆಯೇ ಎಂದು ಡಾಂಬರು ರಸ್ತೆಯ ಅಂಚಿಗೆ ಶೇಂಗಾ ಚೆಲ್ಲಿದೆ. ಬಹಳ ಹೊತ್ತಿನ ಮೇಲೆ ಆ ಹೆಣ್ಣು ಇಳಿದು ಬಂದಿತು. ಪುಣ್ಯ ಬಂತೆಂದು ಹಿಗ್ಗಿ ಇನ್ನೊಂದು ಹಿಡಿ ಹಾಕಿದೆ.

ರವಿವಾರ ಮುಂಜಾನೆ ಅದು ತಾನಾಗಿಯೇ ರಸ್ತೆಗೆ ಬಂದಿದೆ, ಉಳಿದ ಕಾಳು ಹುಡುಕಲು. ನಾವು ಹೋಗಿ ನೋಡುವಷ್ಟರಲ್ಲಿ ಯಾವುದೋ ಲಾರಿ ಹೊಡೆದು ಹೋಗಿತ್ತು. ಮರಿ ಇನ್ನೂ ಎದೆಗೆ ಕಚ್ಚಿಕೊಂಡೇ ಇತ್ತು. ಉಬ್ಬಿದ ಕೆನ್ನೆಯನ್ನು ಮಾಮಾ ಮೆಲ್ಲಗೆ ಒತ್ತಿದ. ಒಳಗಿಂದ ನಾಲ್ಕು ಶೇಂಗಾ ಕಾಳು ಅವನ ಅಂಗೈಗೆ ಬಿದ್ದವು, ಒಂದನ್ನೂ ಜಗಿದಿರಲಿಲ್ಲ.

ಮಾಮಾ ತನ್ನ ಖಾಕಿ ಪ್ಯಾಂಟಿನ ಕಿಸೆಗೆ ಕೈಹಾಕಿದ. ತೂತಿನಿಂದ ಬೆರಳು ಹೊರಗೆ ಬಂತು.

"ನಂದೇ ತಪ್ಪು. ನೀ ತಂದ ಶೇಂಗಾ ತಿಂದ್ಕೋತ ಅಡ್ಡಾಡೇನಿ, ಕಿಸೆ ಹರದದ್ದು ನೋಡಿಲ್ಲ. ದಾರಿಗುಂಟ ಉದುರ್ಯಾವ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀ ಏನರ ಹಾಕಿದ್ದೇನು?" ಎಂದು ಕೇಳಿದ.

"ಇಲ್ಲ ಮಾಮಾ" ಎಂದೆ.

ಮರಿ ಎರಡು ದಿನ ಬದುಕಿತ್ತು. ಆ ಎರಡು ದಿನವೂ ಹಿಂಡು ಮೇಲಿನಿಂದ ಕೂಗುತ್ತಿತ್ತು. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು, ಬಾಯಿ ಬಿಡಲಿಲ್ಲ.

ಮಾಮಾ ಬೇಡಿಕೊಂಡು ವರ್ಗ ಮಾಡಿಸಿಕೊಂಡ. ಜೇವರ್ಗಿ ಕಡೆಯ ನರ್ಸರಿಯಲ್ಲಿ ಬೇವಿನ ಸಸಿಗಳಿಗೆ ನೀರು ಹಾಕುತ್ತ ನಿವೃತ್ತನಾದ. ಶೇಂಗಾವನ್ನು ಮತ್ತೆ ಮುಟ್ಟಲಿಲ್ಲ. ಹಿಂಡಿಯಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದ ಈ ಸೀಮೆಯಲ್ಲಿ ಒಬ್ಬ ಮನುಷ್ಯ ಅಷ್ಟು ವರ್ಷ ಶೇಂಗಾ ಬಿಟ್ಟಿದ್ದನೆಂದರೆ ನೀವೇ ಯೋಚಿಸಿ. ನಮ್ಮ ಮನೆಗೆ ಬಂದಾಗ ಹೆಂಡತಿ ಹಿಂಡಿ ಬಡಿಸಲು ಹೋದರೆ "ಬ್ಯಾಡವ್ವಾ" ಎಂದು ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಪಿತ್ತದ ಮೈಯಿರಬೇಕೆಂದು ಅವಳು ತಿಳಿದಿದ್ದಳು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಾನು ದಿನ ನೂಕಿದೆ. ಹೋದ ಬೇಸಿಗೆಯಲ್ಲಿ ಮಾಮಾ ತೀರಿಕೊಂಡ.

ಈ ಶನಿವಾರ ಗುಡಿಯ ಮುಂದೆ ಹೆಂಡತಿ ನನ್ನ ಅಂಗೈಗೆ ಶೇಂಗಾ ಸುರಿದಳು. ಕಟ್ಟೆಯ ಮೇಲಿಂದ ಒಂದು ಮಂಗ ಕೈಚಾಚಿತು. ನನಗೆ ಹಾಕಲಾಗಲಿಲ್ಲ. ಅಲ್ಲೇ ಕುಳಿತು ಎಲ್ಲವನ್ನೂ ಅವಳಿಗೆ ಹೇಳಿದೆ.

ಅವಳು ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದಳು. "ಮಾಮಾ ಬಾಜೂಕ ಕುಂತು ಇಷ್ಟು ವರ್ಷ ನೀವು ಹಿಂಡಿ ಹೆಂಗ ಉಂಡ್ರಿ?"

ಅಂದು ಮಧ್ಯಾಹ್ನ ಅವಳು ನನ್ನ ತಾಟಿಗೆ ಹಿಂಡಿ ಬಡಿಸಲಿಲ್ಲ. ನಾನೂ ಕೇಳಲಿಲ್ಲ.