ಬೆನ್ನ ಮೇಲಿನ ಜೀರಿಗೆ ನೀರು

ಸುಮತಿ ಅಕ್ಕ ರೋಗಿಯ ಮುಖ ನೋಡುತ್ತಿದ್ದುದೇ ಕಡಿಮೆ. ನಾವು ಬಾಗಿಲು ದಾಟುತ್ತಲೇ ಅವರ ಕಣ್ಣು ನಮ್ಮ ಪಾದಗಳ ಮೇಲೆ ಬೀಳುತ್ತಿತ್ತು. "ಎಡಗಾಲು ಎಂತಕ್ಕೆ ಎಳೆಯುದು?" ಎಂದು ಕೇಳಿದ ಮೇಲೆಯೇ ಹೆಸರು, ಊರು. ಕಾಸರಗೋಡಿನವರು, ಐವತ್ತು ದಾಟಿದವರು, ತಿರುವನಂತಪುರದ ಶ್ರೀಕಾರ್ಯಂನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದರು. ನನ್ನ ಧಾರವಾಡದ ಮಾತು ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ. ನಕ್ಕರೆ ನನಗೆ ಸೊಂಟವೂ ನೋಯುತ್ತಿತ್ತು.

ಆ ನೋವು ನಾನೇ ತಂದುಕೊಂಡದ್ದು. ಬೆಳೆ ಸಂಶೋಧನೆಯ ಹೊಲದಲ್ಲಿ ನನ್ನ ಕೆಲಸ. ಮರಗೆಣಸಿನ ಗಿಡ ಕೀಳುವಾಗ ಯಾರೋ ಹಿಂದಿನಿಂದ ಕರೆದರು. ಕಾಂಡ ಬಿಡದೆ, ಕಾಲು ಸರಿಸದೆ, ಸೊಂಟವನ್ನಷ್ಟೇ ತಿರುಗಿಸಿ ಓಗೊಟ್ಟೆ. ಅಲ್ಲೇ ಕುಸಿದೆ. ಡಾಕ್ಟರು ಡಿಸ್ಕ್ ಜಾರಿದೆ ಎಂದರು. ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ಇನ್ನು ಕುರ್ಚಿ ಕೆಲಸವೇ ಎಂದರು ಆಫೀಸಿನವರು. ಮಣ್ಣು ಬಿಟ್ಟು ಕಂಪ್ಯೂಟರಿನ ಮುಂದೆ ಕೂರುವುದನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಅಕ್ಕ ಸೊಂಟ ಮುಟ್ಟಲೇ ಇಲ್ಲ. "ಅಳುದು ಸೊಂಟ, ಕಳ್ಳ ಹೊಟ್ಟೆ. ಅದು ಸೋಮಾರಿಯಾದ್ರೆ ಸೊಂಟ ಇಬ್ಬರ ಕೆಲಸ ಮಾಡ್ತದೆ" ಎಂದರು. ನನ್ನನ್ನು ಕೈಕಾಲೂರಿ ನಿಲ್ಲಿಸಿ, ಬೆನ್ನ ಮೇಲೆ ಜೀರಿಗೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟರು. ಬಲಗೈ, ಎಡಗಾಲು ಒಟ್ಟಿಗೆ ಚಾಚಬೇಕು. ಚೆಲ್ಲಿದರೆ ಮತ್ತೆ ಒಂದರಿಂದ ಎಣಿಕೆ.

"ಅಕ್ಕಾರ, ನನ್ನ ಆಕಳಾ ಮಾಡೀರಲ್ರಿ!"

"ಆಕಳಾದ್ರೂ ಆಗಿ ಮಾರಾಯ್ರೆ, ಉಸಿರು ಮಾತ್ರ ಕಟ್ಟಬೇಡಿ."

ಉಳಿದ ನೀರು ನನಗೆ ಕುಡಿಯಲು. ಮೊದಲ ದಿನ ಒಂದು ಗುಟುಕು ಉಳಿದಿತ್ತು.

ಎರಡನೇ ತಿಂಗಳಲ್ಲೂ ಅರ್ಧ ಲೋಟ ಚೆಲ್ಲುತ್ತಲೇ ಇತ್ತು. "ನನ್ನ ಕೈಲೆ ಆಗೂದಿಲ್ರಿ" ಎಂದು ಎದ್ದುಬಿಟ್ಟೆ. ಅಕ್ಕ ಸೀರೆ ಸೆರಗು ಬಿಗಿದು ಚಾಪೆಯ ಮೇಲೆ ಕೈಯೂರಿ, "ಇಡಿ ಲೋಟ" ಎಂದರು. ಹತ್ತು ಸಲ ಮಾಡಿದರು. ತುಂಬಿದ ಲೋಟ ಅಲುಗಲಿಲ್ಲ. ಹಿಂದೊಮ್ಮೆ ಮೆಟ್ಟಿಲಿಂದ ಬಿದ್ದು ಆರು ತಿಂಗಳು ಮಲಗಿದ್ದರಂತೆ. "ನಾನು ಚೆಲ್ಲಿದ್ದರಲ್ಲಿ ಒಂದು ಬಾವಿ ತುಂಬ್ತಿತ್ತು" ಎಂದರು. ನಾಚಿಕೆಯಾಗಿ ಮತ್ತೆ ಚಾಪೆಗಿಳಿದೆ.

ಗಡುವಿನ ಹಿಂದಿನ ಭಾನುವಾರ ಅಕ್ಕನೇ ಹೊಲಕ್ಕೆ ಬಂದರು. ಮೊಣಕಾಲು ಬಗ್ಗಿಸಿದೆ, ಹೊಟ್ಟೆ ಬಿಗಿಹಿಡಿದೆ, ಉಸಿರು ಬಿಡುತ್ತ ಎಳೆದೆ. ಗಿಡ ಗೆಡ್ಡೆ ಸಮೇತ ಬಂತು. ಖುಷಿಯಲ್ಲಿ "ಅಕ್ಕಾರ!" ಎಂದು ಸೊಂಟ ತಿರುಗಿಸಲಿದ್ದೆ. "ಕಾಲು! ಕಾಲು ತಿರುಗಿಸಿ!" ಎಂದು ಅವರು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿರಬೇಕು. ಮೂರು ತಿಂಗಳು ಮುಗಿದಾಗ ಹೊಲದ ಕೆಲಸ ನನಗೇ ಉಳಿಯಿತು.

ಮರುತಿಂಗಳೇ ಅಕ್ಕ ಕೊಚ್ಚಿಗೆ ಹೊರಟರು. ಅಲ್ಲಿಯ ಏಲೂರಿನ ಕಾರ್ಖಾನೆಗಳಲ್ಲಿ ಮೂಟೆ ಹೊರುವವರ ಸೊಂಟ ನೋಡುವ ಕೆಲಸ ಸಿಕ್ಕಿತ್ತು. ನಾನು ಕಿತ್ತ ಮರಗೆಣಸಿನ ಚೀಲವನ್ನು ರೈಲಿನಲ್ಲಿ ಅವರ ಸೀಟಿನಡಿ ಇಟ್ಟು ಪ್ಲಾಟ್‌ಫಾರ್ಮಿಗೆ ಇಳಿದೆ. ರೈಲು ಕದಲಿ, ಅವರ ಕಿಟಕಿ ನನ್ನನ್ನು ದಾಟಿತು. ನಾನು ಒಂದೊಂದೇ ಪಾದ ಎತ್ತಿಟ್ಟು, ಇಡೀ ಮೈಯನ್ನು ಅತ್ತ ತಿರುಗಿಸಿದೆ. ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಅಕ್ಕ ನನ್ನ ಪಾದಗಳನ್ನೇ ನೋಡುತ್ತಿದ್ದರು.