ಹಿಮ್ಮಡಿಯಲ್ಲಿ ಇಲ್ಲದ ಮುಳ್ಳು

ಆಗೆಲ್ಲ ನಮ್ಮ ರಾಂಪುರದ ಕಡೆ ಕಾಲು ನೋವು ಅಂದರೆ ಮುಳ್ಳು ಅಂತಲೇ ಅರ್ಥ. ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ನಾವೋ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡುವ ಮಕ್ಕಳು. ಎಂಟನೇ ಕ್ಲಾಸಿನಲ್ಲಿ ನನ್ನ ಬಲ ಹಿಮ್ಮಡಿ ನೋಯತೊಡಗಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸೀದಾ ಪಕ್ಕದ ಮನೆಯ ಪಾಲಕ್ಕಜ್ಜಿಯ ಮುಂದೆ ಕೂರಿಸಿದರು.

ಮುಳ್ಳು ತೆಗೆಯುವುದರಲ್ಲಿ ಅಜ್ಜಿ ಊರಿಗೇ ಹೆಸರುವಾಸಿ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಕ್ಕದ ಹಾಲು ಹಚ್ಚಿ, ಬಿಸಿ ಬೆಲ್ಲ ಕಟ್ಟಿದಳು. “ಏಮೀ ಲೇದಮ್ಮಾಯಿ, ಏನೂ ಇಲ್ಲ, ಒಳಗೇ ಮುರ್ಕಂಡೈತೆ. ನಾಳೆ ತಾನಾಗೇ ಬರ್ತೈತೆ.”

ಬೆಲ್ಲದ ವಾಸನೆಗೆ ಇರುವೆ ಬಂದವು, ಮುಳ್ಳು ಬರಲಿಲ್ಲ.

ದಸರೆ ಕಳೆಯುವ ಹೊತ್ತಿಗೆ ಹಿಮ್ಮಡಿ ಊದಿತು. ಖೊ-ಖೊ ಟೀಮಿನಲ್ಲಿ ನನ್ನಷ್ಟು ಜೋರಾಗಿ ಓಡುವವರೇ ಇರಲಿಲ್ಲ, ಜಂಬ ಅಂದರೂ ಸರಿಯೇ. ಅಂಥವಳು ಬೇಲಿ ಪಕ್ಕ ಕೂತು ಬೇರೆಯವರ ಚಪ್ಪಲಿ ಕಾಯುವುದಾ! ಕೊನೆಗೆ ಅಪ್ಪ ದಾವಣಗೆರೆಗೆ ಕರೆದುಕೊಂಡು ಹೋದ. ಎಕ್ಸ್‌ರೇ ನೋಡಿದ ಡಾಕ್ಟರಮ್ಮ “ಮೂಳೆಯೊಳಗೆ ಗಡ್ಡೆ ಇದೆ” ಅಂದರು.

“ಕ್ಯಾನ್ಸರ್ರೇನ್ರೀ?” ಅಂದ ಅಪ್ಪ.

ಚೂರು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಅವರು ನಕ್ಕರು. “ಅಲ್ಲ. ಬೆಳೆಯೋ ಮಕ್ಕಳಿಗೆ ಅಪರೂಪಕ್ಕೆ ಬರುತ್ತೆ, ಪಾದದಲ್ಲಂತೂ ಇನ್ನೂ ಅಪರೂಪ. ಕೆರೆದು ತೆಗೆದು, ಆ ಜಾಗಕ್ಕೆ ಸೊಂಟದ ಮೂಳೆ ಚೂರು ತುಂಬಿಸ್ತೀವಿ.”

“ನಾನು ಮತ್ತೆ ಓಡ್ತೀನಾ?” ಅಂದೆ. ನನಗೆ ಬೇಕಾಗಿದ್ದು ಅದೊಂದೇ.

“ಮೂಳೆ ಕೂಡಿಕೊಂಡ್ರೆ ಓಡ್ತೀಯ. ಅಲ್ಲೀವರೆಗೂ ಸುಮ್ನಿರಬೇಕು.”

ಪ್ಲಾಸ್ಟರ್ ಕಾಲಿನೊಂದಿಗೆ ಊರಿಗೆ ಬಂದಾಗ ಅಜ್ಜಿ ಶೇಂಗಾ ಉಂಡೆ ಕಟ್ಟಿಕೊಂಡು ಬಂದಳು. “ಮುಳ್ಳು ಎಷ್ಟುದ್ದ ಇತ್ತೇ?”

“ಮುಳ್ಳಲ್ಲಜ್ಜಿ, ಗಡ್ಡೆ!”

“ಹೋಗೇ! ಅಷ್ಟು ದೊಡ್ಡ ಆಪ್ರೇಷನ್ ಮಾಡಿ ಬರೇ ಮುಳ್ಳು ಅಂತ ಹೇಳಕ್ಕಾಗ್ತೈತಾ?”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ರೇಗಿತು. ಇಂಥ ಅಪರೂಪದ ಕಾಯಿಲೆ ಬಂದಿದ್ದರೂ ಈ ಮುದುಕಿ ಅದಕ್ಕೊಂದು ಮರ್ಯಾದೆ ಕೊಡುತ್ತಿಲ್ಲವಲ್ಲ!

ಮುಂದಿನ ವರ್ಷ ಹೊಸ ಎಕ್ಸ್‌ರೇ ನೋಡಿ ಡಾಕ್ಟರಮ್ಮ “ಓಡು” ಅಂದರು. ಮರುದಿನ ಬೆಳಿಗ್ಗೆ ಸ್ಕೂಲಿನ ಮೈದಾನಕ್ಕೆ ಹೋದರೆ ಅಜ್ಜಿ ನನಗಿಂತ ಮೊದಲೇ ಅಲ್ಲಿದ್ದಳು. ಈ ಕಂಬದಿಂದ ಆ ಕಂಬದವರೆಗೆ ಗುಡಿಸಿ, ಬಗ್ಗಿ ಬಗ್ಗಿ ಜಾಲಿ ಮುಳ್ಳು ಆರಿಸಿ ಸೆರಗಿಗೆ ತುಂಬಿಕೊಂಡಿದ್ದಳು.

“ಓಡು ಹೋಗು. ಇನ್ನೊಂದು ಚುಚ್ಚಬಾರ್ದು ನಿಂಗೆ.”

ಕಣ್ಣು ಒರೆಸಿಕೊಂಡು ಓಡಿದೆ. ನೋವೇ ಇರಲಿಲ್ಲ! ಆಮೇಲೆ ಖೊ-ಖೊ ಆಟದಲ್ಲಿ ಎರಡು ಸುತ್ತಿಗೇ ಔಟಾದೆ ಅನ್ನುವುದು ಬೇರೆ ಮಾತು.

ಅಜ್ಜಿ ಈಗಿಲ್ಲ. ಗಡ್ಡೆ ಮತ್ತೆ ಬರಲಿಲ್ಲ. ನನ್ನ ಮಗಳು ಒಳ್ಳೆ ಬೂಟು ಹಾಕಿಕೊಂಡು ಆಡುತ್ತಾಳೆ, ಕಾಲು ನೋವು ಅಂದರೆ ಮೊದಲು ಎಕ್ಸ್‌ರೇ ತೆಗೆಸುತ್ತೇನೆ. ಅದೇ ಸರಿ ಕೂಡ. ಆದರೆ ಅವಳಿಗಾಗಿ ಒಂದು ಮೈದಾನ ಪೂರ್ತಿ ಗುಡಿಸುವವರು ಯಾರೂ ಇಲ್ಲ. ನಾನೂ ಗುಡಿಸಿಲ್ಲ.